ಹದಿನಾಲ್ಕು ತಿಂಗಳು ಹಾಕಿಕೊಂಡ ಇನ್‌ಸೋಲ್: ಹಿಮ್ಮಡಿ ನೋವಿನವರಿಗಾಗಿ

ಬೆಳಿಗ್ಗೆ ಮಂಚದಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ. ಹತ್ತು ಹೆಜ್ಜೆ ನಡೆದ ಮೇಲೆ ಸ್ವಲ್ಪ ಸಲೀಸು. ಕಳೆದ ಮಳೆಗಾಲದಲ್ಲಿ ನನ್ನದು ಇದೇ ಪಾಡು. ಹಗಲೆಲ್ಲ ಶಾಲೆಯ ಸಿಮೆಂಟ್ ನೆಲದ ಮೇಲೆ ನಿಲ್ಲಬೇಕು. ಸಂಜೆ ತೀರ್ಥಹಳ್ಳಿ ಹತ್ತಿರದ ನಮ್ಮ ಅಡಿಕೆ ತೋಟಕ್ಕೆ ಜಂಬಿಟ್ಟಿಗೆ ಮೆಟ್ಟಿಲು ಇಳಿದು ಹತ್ತಬೇಕು.

ಮೊದಲು ಮೆತ್ತನೆಯ ಜೆಲ್ ಇನ್‌ಸೋಲ್, ಅಂದರೆ ಶೂ ಒಳಗೆ ಅಂಗಾಲ ಕೆಳಗೆ ಹಾಕುವ ಹಾಸು, ತಂದೆ. ಎರಡೇ ತಿಂಗಳಿಗೆ ಚಪ್ಪಟೆಯಾಯಿತು, ನೋವು ಹಾಗೇ ಇತ್ತು. ಆಮೇಲೆ ಶಿವಮೊಗ್ಗದ ಫಿಸಿಯೋಥೆರಪಿಸ್ಟ್ ಒಬ್ಬರು ಪಾದದ ಮಾದರಿಯನ್ನು ಕೈಗೇ ಕೊಟ್ಟು, "ಇಲ್ಲಿ ನೋಡಿ ಮೇಷ್ಟ್ರೇ" ಅಂತ ತೋರಿಸಿದರು. ಒಂದು ಪಾದದಲ್ಲಿ 26 ಮೂಳೆ. ಅವು ಮೂರು ಕಮಾನಾಗಿ ಕೂತಿವೆ: ಒಳಬದಿಗೆ ಎತ್ತರದ್ದು, ಕಿರುಬೆರಳಿನ ಬದಿಗೆ ತಗ್ಗಿನದು, ಇನ್ನೊಂದು ಅಡ್ಡಕ್ಕೆ. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇದೆ, ಪ್ಲಾಂಟರ್ ಫೇಸಿಯಾ. ಬಿಲ್ಲಿಗೆ ಹೆದೆ ಇದ್ದ ಹಾಗೆ. ಮೈಭಾರ ಬಿದ್ದಾಗ ಕಮಾನು ತಗ್ಗುತ್ತದೆ, ಹೆದೆ ಬಿಗಿಯುತ್ತದೆ. ಕೂತುಕೊಂಡು ಹೆಬ್ಬೆರಳನ್ನು ಕೈಯಿಂದ ಹಿಂದಕ್ಕೆ ಎತ್ತಿ ನೋಡಿ. ಅಂಗಾಲಲ್ಲಿ ಹಗ್ಗದ ಹಾಗೆ ಸಿಗುತ್ತದಲ್ವಾ, ಅದೇ. ಅದು ಹಿಮ್ಮಡಿಗೆ ಅಂಟಿಕೊಂಡಿರುವ ಜಾಗದಲ್ಲೇ ನನ್ನ ನೋವು.

ಹಾಗಾಗಿ ನನಗೆ ಬೇಕಾಗಿದ್ದು ಮೆತ್ತೆಯಲ್ಲ, ಒಳಕಮಾನಿಗೆ ಆಸರೆ. ₹1,400 ಕೊಟ್ಟು ಗಟ್ಟಿ ಇನ್‌ಸೋಲ್ ತಂದೆ. ಮೊದಲ ವಾರ ಅಂಗಾಲ ಕೆಳಗೆ ಕಲ್ಲು ಇಟ್ಟಂತಿತ್ತು. ದಿನಕ್ಕೆ ಎರಡು ಗಂಟೆಯಿಂದ ಶುರು ಮಾಡಿ ನಿಧಾನಕ್ಕೆ ಜಾಸ್ತಿ ಮಾಡಿದೆ. ಆರನೇ ವಾರಕ್ಕೆ ಬೆಳಗಿನ ಮೊದಲ ಹೆಜ್ಜೆ ಹಗುರಾಯಿತು. ಬರೀ ಇನ್‌ಸೋಲಿನಿಂದ ಅಂದರೆ ಸುಳ್ಳಾಗುತ್ತದೆ. ದಿನಾ ಗೋಡೆಗೆ ಕೈಕೊಟ್ಟು ಮೀನಖಂಡ ಎಳೆಯುವ ವ್ಯಾಯಾಮವೂ ಇತ್ತು. ದೀಪಾವಳಿ ಗಡಿಬಿಡಿಯಲ್ಲಿ ಅದನ್ನು ಬಿಟ್ಟೆ, ನೋವು ಮತ್ತೆ ಬಂತು.

ಸ್ನಾನ ಮಾಡಿ ಬಂದು ಕಾವಿ ನೆಲದ ಮೇಲೆ ಒದ್ದೆ ಕಾಲು ಊರಿದರೆ ಗುರುತು ಈಗಲೂ ಮೊದಲಿನಷ್ಟೇ ಅಗಲ, ಅಂದರೆ ಕಮಾನು ಇನ್ನೂ ತಗ್ಗೇ. ಇನ್‌ಸೋಲ್ ಹೊಸ ಕಮಾನು ಕಟ್ಟಿಕೊಡುವುದಿಲ್ಲ. ಹಾಕಿಕೊಂಡಷ್ಟು ಹೊತ್ತು ಹೆದೆಯ ಎಳೆತ ಕಡಿಮೆ ಮಾಡುತ್ತದೆ, ಅಷ್ಟೇ. ನನಗೆ ಅಷ್ಟು ಸಾಕಾಯಿತು. ನಾಲ್ಕು ವರ್ಷದ ಮಗಳಿಗೂ ಒಂದು ಜೊತೆ ತರಲು ಹೊರಟಿದ್ದೆ. ಆ ವಯಸ್ಸಿಗೆ ಅಂಗಾಲು ಚಪ್ಪಟೆ ಇರುವುದು ಸಹಜ, ನೋವಿಲ್ಲದಿದ್ದರೆ ಸುಮ್ನೆ ಬಿಡಿ ಎಂದರು ಫಿಸಿಯೋಥೆರಪಿಸ್ಟ್.

ತೊಂದರೆ ಅಂದರೆ ನಮ್ಮ ಮಳೆ. ಜುಲೈಯಲ್ಲಿ ಮೇಲಿನ ಬಟ್ಟೆಗೆ ಬೂಸ್ಟು ಹಿಡಿಯಿತು. ಗಂಬೂಟಿನೊಳಗೆ ಹಾಕಿದರೆ ಬೆವರಿಗೇ ನೆನೆಯುತ್ತದೆ. ಒಲೆ ಹತ್ತಿರ ಒಣಗಿಸಲು ಇಟ್ಟೆ, ಎಡಗಾಲಿನದು ಸೊಟ್ಟಗಾಯಿತು. ಈಗ ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕುತ್ತೇನೆ. ಒದ್ದೆಯಾದದ್ದನ್ನು ಹಳೇ ಪೇಪರಲ್ಲಿ ಸುತ್ತಿ ಜಗಲಿ ಗಾಳಿಗೆ ಇಡುತ್ತೇನೆ.