ಮಗುವಿನ ಬಾಯಿಗೆ ಸ್ಪೇಸ್ ಮೇಂಟೇನರ್ ಹಾಕಿಸಿದ್ದೀರಾ? ಅಲ್ಲಿಗೇ ಬಿಡಬೇಡಿ

ಮಕ್ಕಳ ಹಾಲು ಹಲ್ಲು ಬೇಗ ಕೀಳಿಸಿ ಸ್ಪೇಸ್ ಮೇಂಟೇನರ್ (ಕಿತ್ತ ಹಲ್ಲಿನ ಜಾಗ ಮುಚ್ಚಿಹೋಗದಂತೆ ಕಾಯುವ ತಂತಿ) ಹಾಕಿಸಿದವರು, ಹಾಕಿಸಬೇಕು ಅಂತಿರುವವರು ಇದನ್ನೊಮ್ಮೆ ಓದಿ.

ಮಗಳಿಗೆ ಏಳು ವರ್ಷ. ಕೆಳಗಿನ ಹಾಲು ದವಡೆ ಹಲ್ಲು ಹುಳುಕಾಗಿ ಕೀವು ತುಂಬಿತ್ತು. ಮಂಡ್ಯದ ಒಂದು ಕ್ಲಿನಿಕ್‌ನಲ್ಲಿ ಕಿತ್ತರು. ಆ ಜಾಗಕ್ಕೆ ಹೊಸ ಹಲ್ಲು ಬರುವುದು 10-12 ವರ್ಷಕ್ಕೆ. ಅಷ್ಟರಲ್ಲಿ ಹಿಂದಿನ ಕಾಯಂ ದವಡೆ ಹಲ್ಲು ಮುಂದಕ್ಕೆ ವಾಲಿ ಜಾಗ ನುಂಗಿಬಿಡುತ್ತದೆ. ಕಿತ್ತ ಮೊದಲ ಆರು ತಿಂಗಳಲ್ಲೇ ಇದು ಜಾಸ್ತಿ. ಅದಕ್ಕೇ ಹಿಂದಿನ ಹಲ್ಲಿಗೆ ಸ್ಟೀಲ್ ಬ್ಯಾಂಡ್ ಅಂಟಿಸಿ, ಮುಂದಿನ ಹಲ್ಲಿಗೆ ತಾಗುವ ಹಾಗೆ ತಂತಿಯ ಕುಣಿಕೆ ಕೊಡುತ್ತಾರೆ. ಇಲ್ಲಿಯವರೆಗೆ ಅವರು ಮಾಡಿದ್ದು ಸರಿಯೇ.

ದುಡ್ಡು ಕಟ್ಟಿಸಿಕೊಂಡ ಮೇಲೆ, "ಆಯ್ತಮ್ಮ, ಹೊಸ ಹಲ್ಲು ಬಂದಾಗ ತಾನೇ ಬಿದ್ದೋಗುತ್ತೆ" ಅಂತ ಕಳಿಸಿದರು. ಮತ್ತೆ ಯಾವಾಗ ಬರಬೇಕು, ಏನು ತಿನ್ನಬಾರದು, ಒಂದೂ ಹೇಳಲಿಲ್ಲ. ಸಂಕ್ರಾಂತಿ ಬಂತು. ಮಂಡ್ಯದ ಮಗು ಕಬ್ಬು ಬಿಡುತ್ತಾ? ಚೆನ್ನಾಗಿ ಜಗಿದಳು. ಆಮೇಲೆ ಬಾಯಿ ವಾಸನೆ ಶುರುವಾಯಿತು, ಆ ಕಡೆ ಜಗಿಯುವುದನ್ನೇ ಬಿಟ್ಟಳು. ಟಾರ್ಚ್ ಬಿಟ್ಟು ನೋಡಿದರೆ ತಂತಿ ವಸಡಿನೊಳಗೆ ಅರ್ಧ ಹೂತುಹೋಗಿದೆ, ಸುತ್ತ ಕೆಂಪಗೆ ಊದಿದೆ. ನಾಲಿಗೆ ತಾಗಿಸಿದರೆ ಬ್ಯಾಂಡ್ ಅಲ್ಲಾಡುತ್ತಿತ್ತು. ಫೋನ್ ಮಾಡಿದರೆ, "ಅದೆಲ್ಲ ಕಾಮನ್, ಉಪ್ಪು ನೀರಲ್ಲಿ ಬಾಯಿ ಮುಕ್ಕಳಿಸಲಿ" ಅಂದರು!

ಮೈಸೂರಿನ ಡೆಂಟಲ್ ಕಾಲೇಜಿನ ಮಕ್ಕಳ ವಿಭಾಗಕ್ಕೆ ಕರೆದುಕೊಂಡು ಹೋದೆವು. ಬ್ಯಾಂಡ್ ಬಿಚ್ಚಿದಾಗ ಗೊತ್ತಾಯಿತು, ಒಳಗಿನ ಸಿಮೆಂಟ್ ಹೋಗಿ ಆ ಸಂದಿಯಲ್ಲಿ ಅನ್ನ ಕೊಳೆಯುತ್ತಿತ್ತು. ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಕಲೆ. ಹುಳುಕಿನ ಶುರು ಅದು. ಅದೂ ಕಾಯಂ ಹಲ್ಲಿಗೆ! ಹೊಟ್ಟೆ ಉರಿಯುತ್ತೆ, ಅಲ್ವಾ? ಡಾಕ್ಟರ್ ಹಳೇ ಎಕ್ಸ್‌ರೇ ಕೇಳಿದರು. ಕ್ಲಿನಿಕ್‌ನಲ್ಲಿ ತೆಗೆದೇ ಇರಲಿಲ್ಲ. ಕೆಲವು ಮಕ್ಕಳಿಗೆ ಕೆಳಗೆ ಕಾಯಂ ಹಲ್ಲಿನ ಮೊಳಕೆಯೇ ಇರುವುದಿಲ್ಲ, ಕೆಲವರಿಗೆ ಹಲ್ಲು ಆಗಲೇ ಮೇಲೆ ಬಂದಿದ್ದು ತಂತಿಯ ಅಗತ್ಯವೇ ಇರುವುದಿಲ್ಲವಂತೆ. ನೋಡದೆ ಹಾಕಿದರೆ ಹೇಗೆ?

ಈಗ ಫ್ಲೋರೈಡ್ ಹಚ್ಚಿ, ಹೊಸ ಅಳತೆ ತೆಗೆದು ಬೇರೆ ಹಾಕಿದ್ದಾರೆ. ಆರು ತಿಂಗಳಿಗೊಮ್ಮೆ ತೋರಿಸಲೇಬೇಕು, ಹೊಸ ಹಲ್ಲು ತಲೆ ಎತ್ತುವಾಗ ಅವರೇ ತೆಗೆಯುತ್ತಾರೆ. ಚಿಕ್ಕಿ, ಟಾಫಿ, ಚೂಯಿಂಗ್ ಗಮ್ ಬಂದ್. ಕಬ್ಬಂತೂ ಹಾಲು ಮಾಡಿಸಿಯೂ ಕೊಡಬೇಡಿ ಅಂದರು, ಸಕ್ಕರೆ ಅಲ್ವಾ.

ನೀವು ಹೋದರೆ ದುಡ್ಡು ಕೊಡುವ ಮುಂಚೆಯೇ ಎಕ್ಸ್‌ರೇ ಎಲ್ಲಿ, ಮುಂದಿನ ತಾರೀಖು ಯಾವುದು, ತೆಗೆಯುವವರು ಯಾರು ಅಂತ ಕೇಳಿ. ಕೀಳುವುದಕ್ಕೂ ಮೊದಲು, ಹಲ್ಲಿನ ಬೇರಿನ ಚಿಕಿತ್ಸೆ ಮಾಡಿ ಕ್ಯಾಪ್ ಹಾಕಿ ಉಳಿಸಲು ಆಗುತ್ತಾ ಅಂತಲೂ ಕೇಳಿ. ಉಳಿಯುವ ಹಾಗಿದ್ದರೆ ಹಾಲು ಹಲ್ಲಿಗಿಂತ ಒಳ್ಳೆ ಮೇಂಟೇನರ್ ಇಲ್ಲ. ಇನ್ನು ಬ್ಯಾಂಡ್ ಏನಾದರೂ ಕಳಚಿ ಕೈಗೆ ಬಂದರೆ ಎಸೆಯಬೇಡಿ, ನೀವೇ ಒತ್ತಿ ಕೂರಿಸಲೂ ಹೋಗಬೇಡಿ. ಡಬ್ಬಿಯಲ್ಲಿ ಹಾಕಿಕೊಂಡು ಅದೇ ವಾರ ಹೋಗಿ. ಸೊಟ್ಟಗಾಗಿಲ್ಲದಿದ್ದರೆ ಅದನ್ನೇ ಮತ್ತೆ ಅಂಟಿಸಬಹುದು.