ಫ್ಲಮೆಂಕೊ ಸಂಜೆ: ಊಟ ಮಾಡುತ್ತಲೋ, ನೋಡಿದ ಮೇಲೋ?

ಸ್ಪೇನಿನಲ್ಲಿ ಗೆಳೆಯರೊಂದಿಗೆ, ಹಾಡು, ಗಿಟಾರ್, ನೃತ್ಯ ಬೆರೆತ ಅಲ್ಲಿನ ಫ್ಲಮೆಂಕೊ ನೋಡಲು ಎರಡು ದಾರಿಗಳಿವೆ. ಒಂದು, ಊಟವೂ ಸಿಗುವ ತಬ್ಲಾವೊ: ಹಲಗೆಯ ವೇದಿಕೆ, ಅದರ ಮುಂದೆ ಮೇಜುಗಳು. ಮ್ಯಾಡ್ರಿಡ್‌ನ ಕೊರಾಲ್ ದೆ ಲಾ ಮೊರೆರಿಯಾ 1956ರಿಂದ ಹೀಗೆ ನಡೆಯುತ್ತಿದೆ. ಎಲ್ಲವೂ ಒಂದೇ ಸೂರಿನಡಿ. ದಿನವಿಡೀ ಅಲೆದು ಕಾಲು ಸೋತವರಿಗೆ ಅನುಕೂಲ. ಜೇಬಿಗೆ ಮಾತ್ರ ಭಾರ.

ಇನ್ನೊಂದು, ಸೆವಿಲ್ಲೆಯ ಕಾಸಾ ದೆ ಲಾ ಮೆಮೋರಿಯಾದಂಥ ಪುಟ್ಟ ಜಾಗದಲ್ಲಿ ಸುಮಾರು ಒಂದು ಗಂಟೆ ಬರೀ ಪ್ರದರ್ಶನ, ಊಟ ಆಮೇಲೆ. ನನ್ನ ಮತ ಇದಕ್ಕೇ. ಗಾಯಕ ಸೊಲೆಯಾ ಎಂಬ ಗಂಭೀರ ಫ್ಲಮೆಂಕೊ ಪ್ರಕಾರದ ನಿಧಾನದ ಆಲಾಪಕ್ಕೆ ಕಣ್ಣು ಮುಚ್ಚಿದ್ದಾನೆ, ನರ್ತಕಿ ಇನ್ನೂ ಅಲುಗಿಲ್ಲ. ಆ ಹೊತ್ತಿಗೆ ಪಕ್ಕದವರ ಚಾಕು ತಟ್ಟೆಗೆ ಕಿರ್ರೆಂದರೆ ರಸಭಂಗ. ಹಿಮ್ಮಡಿಯ ಹೊಡೆತ ನೆಲದ ಹಲಗೆಯಿಂದ ನಮ್ಮ ಕುರ್ಚಿಗೇ ದಾಟಿ ಬರುವಾಗ ಕೈಯಲ್ಲಿ ಫೋರ್ಕ್ ಯಾಕೆ ಬೇಕು?

ಹಸಿವಿನ ಚಿಂತೆ ಬೇಡ. ಅಲ್ಲಿನವರು ರಾತ್ರಿಯೂಟಕ್ಕೆ ಕೂರುವುದೇ ಒಂಬತ್ತರ ನಂತರ. ಸೇತುವೆ ದಾಟಿ ನದಿಯಾಚೆಯ ತ್ರಿಯಾನಾ ಬಡಾವಣೆಗೆ ನಡೆದರೆ ತಪಾಸ್ ಅಂಗಡಿಗಳು ಸಾಲಾಗಿವೆ. ತಟ್ಟೆಗಳು ಚಿಕ್ಕವು, ಹಂಚಿಕೊಂಡು ತಿನ್ನಬಹುದು. ಸಸ್ಯಾಹಾರಿಗಳು ಪಾಲಕ್-ಕಡಲೆಯ 'ಎಸ್ಪಿನಾಕಾಸ್ ಕೊನ್ ಗಾರ್ಬಾನ್ಸೋಸ್' ಕೇಳಲಿ. ಜೀರಿಗೆಯ ಘಮಕ್ಕೆ ಮನೆಯ ಪಲ್ಯ ನೆನಪಾಗುತ್ತದೆ. ತಣ್ಣನೆಯ ಟೊಮೆಟೊ ಸೂಪ್ ಸಾಲ್ಮೊರೆಹೊ ಮೇಲೆ ಹಂದಿಮಾಂಸದ ಚೂರು ಉದುರಿಸುತ್ತಾರೆ, 'ಸಿನ್ ಹಾಮೋನ್' (ಹಂದಿಮಾಂಸ ಬೇಡ) ಎಂದು ಮೊದಲೇ ಹೇಳಿಬಿಡಿ.

ಯಾವುದನ್ನೇ ಆರಿಸಿಕೊಂಡರೂ ಟಿಕೆಟ್ ಮೊದಲೇ ಕಾಯ್ದಿರಿಸಿ. ಮತ್ತೆ, ಹುರುಪಿನಲ್ಲಿ ಚಪ್ಪಾಳೆಯ ತಾಳ ಹಾಕಲು ಹೋಗಬೇಡಿ. ಸೊಲೆಯಾದಂಥವುಗಳ ಹನ್ನೆರಡು ಮಾತ್ರೆಯ ಲೆಕ್ಕ ತಪ್ಪಿದರೆ ಕಲಾವಿದರ ಹುಬ್ಬು ಮೇಲೇರುತ್ತದೆ.