ಬೆನ್ನುಚೀಲಕ್ಕೆ ಯಾವ ಒಲೆ: ಗ್ಯಾಸೋ, ಸ್ಪಿರಿಟ್ಟೋ, ಪೆಟ್ರೋಲೋ?

ಹಿಮಾಲಯದ ಚಾರಣಕ್ಕೆ ಒಲೆ ಕೊಳ್ಳುವವರು ಮೊದಲು ಕೇಳುವುದು ತೂಕ. ಅದರಲ್ಲಿ ಸ್ಪಿರಿಟ್ ಒಲೆ ಮುಂದು; ಬೆಲೆಯೂ ಕಡಿಮೆ, ಕೆಡುವ ಭಾಗವೇ ಇಲ್ಲ. ಆದರೆ ಒಂದು ಲೋಟ ಚಹಾಕ್ಕೂ ತಾಳ್ಮೆ ಬೇಕು, ಗಾಳಿಗೆ ಮರೆ ಬೇಕು. ಜ್ವಾಲೆ ಹಗಲಲ್ಲಿ ಕಾಣುವುದೇ ಕಷ್ಟ. ಆರಿದೆಯೆಂದು ಮತ್ತೆ ಸ್ಪಿರಿಟ್ ಸುರಿದರೆ ಕೈ ಸುಟ್ಟಿತೆಂದೇ ಲೆಕ್ಕ.

ಡಬ್ಬಿಯ ತಲೆಗೆ ತಿರುಗಿಸಿ ಕೂರಿಸುವ ಗ್ಯಾಸ್ ಒಲೆ ನೂರು ಗ್ರಾಂ ಆಸುಪಾಸು, ಡಬ್ಬಿಯ ತೂಕ ಬೇರೆ. ಉರಿ ಸಣ್ಣಗೆ ಮಾಡಬಹುದಾದ್ದರಿಂದ ಉಪ್ಪಿಟ್ಟು ಸುಲಭಕ್ಕೆ ತಳ ಹಿಡಿಯದು. ತೊಡಕು ಚಳಿಯದು. ಡಬ್ಬಿಯೊಳಗಿನ ದ್ರವ ಕುದಿದು ಅನಿಲವಾದರೇ ಉರಿ; ಬರೀ ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರವೇ ಮುಷ್ಕರ ಹೂಡುತ್ತದೆ. ಐಸೊಬ್ಯೂಟೇನಿನ ಕುದಿಬಿಂದು ಸುಮಾರು ಮೈನಸ್ 12, ಪ್ರೊಪೇನಿನದು ಮೈನಸ್ 42. ಹಾಗಾಗಿ ಇವೆರಡರ ಮಿಶ್ರಣವನ್ನೇ ಕೇಳಿ. ರಾತ್ರಿ ಡಬ್ಬಿಯನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡರೆ ಬೆಳಗಿನ ಉರಿ ಸೊರಗುವುದಿಲ್ಲ. ವಿಮಾನದಲ್ಲಿ ಈ ಡಬ್ಬಿಗೆ ಪ್ರವೇಶವಿಲ್ಲ. ಬೆಂಗಳೂರಿನಿಂದ ಹಾರುವವರು ಮನಾಲಿಯಲ್ಲೋ ಲೇಹ್‌ನಲ್ಲೋ ಕೊಳ್ಳಬೇಕು.

ಪೆಟ್ರೋಲ್ ಒಲೆ ಭಾರ, ದುಬಾರಿ. ಪಂಪು ಹೊಡೆಯಬೇಕು, ಮಸಿ ಕಟ್ಟಿದರೆ ಹಳೆಯ ಸೀಮೆಎಣ್ಣೆ ಸ್ಟೌವಿನಂತೆ ಪಿನ್ನು ಹಾಕಬೇಕು. ಆದರೂ ಕಡುಚಳಿಯಲ್ಲಿ ದಿನಗಟ್ಟಲೆ ಹಿಮ ಕರಗಿಸಿ ನೀರು ಮಾಡಿಕೊಳ್ಳುವ ತಂಡಕ್ಕೆ ನಾನು ಇದನ್ನೇ ಹೇಳುತ್ತೇನೆ. ಬೇಸಿಗೆಯಲ್ಲಿ ಇಬ್ಬರು ನಾಲ್ಕೈದು ದಿನ ನಡೆಯುವುದಾದರೆ ಗ್ಯಾಸ್. ಒಬ್ಬರೇ, ಬರೀ ಬಿಸಿನೀರು ಸಾಕು ಎಂದರೆ ಸ್ಪಿರಿಟ್. ಮೂರನ್ನೂ ಟೆಂಟಿನೊಳಗೆ ಹಚ್ಚಬೇಡಿ.

ಇನ್ನು ಬೇಳೆಯ ಆಸೆ ಬಿಡಿ: 4,000 ಮೀಟರ್ ಎತ್ತರದಲ್ಲಿ ನೀರು ಸುಮಾರು 87 ಡಿಗ್ರಿಗೇ ಕುದಿಯುತ್ತದೆ, ಒಲೆ ಯಾವುದಾದರೂ ಅಷ್ಟೇ. ಅವಲಕ್ಕಿ ಒಯ್ಯಿರಿ.